ಏಳನೇ ಗೂಡಿನ ತೂಕ

"ಇನ್ನೊಂದ್ಸಲ ತೂಗಿ," ಎಂದರು ಮೇಡಂ.

ಪ್ರಯೋಗಾಲಯದ ಇಲಿಗಳನ್ನು ನೋಡಿಕೊಳ್ಳುವವಳು ಅವಳು. ಗೂಡಿನ ಗೋಡೆಗೇ ಅಂಟಿಸಿದ್ದ ಉದ್ದನೆಯ ರಬ್ಬರ್ ಕೈಗವಸುಗಳೊಳಗೆ ಮತ್ತೆ ತೋಳು ತೂರಿಸಿದಳು. ಗೂಡೆಂದರೆ ಮಂಚದಷ್ಟು ಅಗಲದ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ಹೋಗುವ ಗಾಳಿಯನ್ನೂ ಸೋಸಿಯೇ ಬಿಡುತ್ತಿದ್ದರು. ಹೊಟ್ಟೆಯಲ್ಲಿ ಒಂದೇ ಒಂದು ಸೂಕ್ಷ್ಮಾಣುವೂ ಇಲ್ಲದೆ ಬೆಳೆಸಿದ ಇಲಿಗಳು ಅವು. ಐದು ವಾರಗಳ ಹಿಂದೆ ಮೇಡಂ ಏನೋ ಕದಡಿದ ನೀರನ್ನು ಅವುಗಳ ಬಾಯಿಗೆ ಹನಿಸಿ ಹೋಗಿದ್ದರು. ಏನೆಂದು ಅವಳಿಗೆ ಹೇಳಿರಲಿಲ್ಲ. ನೋಡಿಕೊಳ್ಳುವವರಿಗೆ ಗೊತ್ತಿರಬಾರದೆಂಬುದೇ ನಿಯಮ. ಅಂದಿನಿಂದ ಆರನೇ ಗೂಡಿನವು ಇದ್ದ ಹಾಗೇ ಇದ್ದವು. ಏಳನೆಯದರವು ಊದುತ್ತಾ ಬಂದಿದ್ದವು.

ಇಲಿ ತಕ್ಕಡಿಯ ಬಟ್ಟಲಲ್ಲಿ ಮುದುಡಿ ಕೂತಿತು. ಅದೇ ಅಂಕಿ.

"ತಿನಿಸು ಎರಡಕ್ಕೂ ಒಂದೇ ಅಳತೆ ತಾನೇ?"

"ಒಂದೇ ಮೇಡಂ. ಉಳಿದಿದ್ದನ್ನೂ ತೂಗಿ ಬರೆದಿದೀನಿ, ನೋಡಿ."

"ಸ್ವಲ್ಪ ಏರುತ್ತೆ ಅನ್ಕೊಂಡಿದ್ದೆ, ಇಷ್ಟಲ್ಲ. ತಪ್ಪು ತಿಳ್ಕೋಬೇಡಿ ಅಕ್ಕ, ಪಾಪ ಅಂತ ಒಂದೆರಡು ಕಾಳು ಹೆಚ್ಚಿಗೆ..." ಮೇಡಂ ಅರ್ಧಕ್ಕೇ ನಿಲ್ಲಿಸಿದರು. ಅವರ ಕಣ್ಣು ಅವಳ ಬಿಳಿ ಕೋಟಿನ ಬಿಗಿದ ಗುಂಡಿಗಳ ಮೇಲೆ ಹಾದು ಬೇಗ ನೆಲಕ್ಕಿಳಿಯಿತು.

ಆ ನೋಟ ಅವಳಿಗೆ ಹೊಸದಲ್ಲ. ಎಂಟನೇ ವಯಸ್ಸಿನಲ್ಲಿ ಅಮ್ಮ ಅವಳ ಶಾಲೆಯ ಚೀಲ ಬೋರಲು ಹಾಕಿ ಬಿಸ್ಕತ್ತಿನ ಪುಡಿ ಹುಡುಕಿದ್ದಳು. ಸಿಗದಿದ್ದಾಗ, "ಕೊಡವಿಕೊಂಡು ಬಂದಿದಾಳೆ, ಭಾರೀ ಜಾಣೆ," ಅಂದಿದ್ದಳು. ಮೊನ್ನೆ ಮೊನ್ನೆ ಡಾಕ್ಟರು ಅವಳು ತುತ್ತು ಬಿಡದೆ ಬರೆದಿಟ್ಟ ಊಟದ ಪಟ್ಟಿ ಓದಿ, "ಬರೆಯೋಕೆ ಮರೆತಿದ್ದು ಏನಾದ್ರೂ ಇದೆಯಾಮ್ಮ?" ಎಂದು ನಕ್ಕಿದ್ದರು. ಅವಳಿಗೆ ಈಗ ಮೂವತ್ತೊಂಬತ್ತು.

ಎಂಟು ದಿನ ಬಿಟ್ಟು ಮೇಡಂ ಏದುಸಿರು ಬಿಡುತ್ತಾ ಬಂದರು. "ಅಕ್ಕ, ನಿಮ್ಮ ಕೈ ಶುದ್ಧ! ಎಂಟು ದಿನದ್ದೂ ಪೂರ್ತಿ ನೋಡ್ದೆ, ಒಂದು ಕಾಳೂ ಹೆಚ್ಚು ಬಿದ್ದಿಲ್ಲ."

"ಎಲ್ಲಿ ನೋಡಿದ್ರಿ?"

ಮೇಡಂ ದೀಪದ ಪಕ್ಕ ಬೆರಳು ತೋರಿಸಿದರು. ಬಟಾಣಿಯಷ್ಟು ಕ್ಯಾಮೆರಾ. "ಬೇಜಾರು ಮಾಡ್ಕೋಬೇಡಿ. ಇನ್ನು ಯಾರೂ ನಮ್ಮನ್ನ ಅನುಮಾನ ಪಡೋ ಹಾಗಿಲ್ಲ." ಮುಚ್ಚಿಟ್ಟದ್ದನ್ನು ಖುಷಿಯಲ್ಲಿ ತಾವೇ ಬಿಚ್ಚಿದರು. ಆ ಕದಡಿದ ನೀರಿನ ಮೂಲ ಇಬ್ಬರು ಅವಳಿಜವಳಿ ಅಕ್ಕತಂಗಿಯರು, ಒಬ್ಬಳು ತೆಳ್ಳಗೆ, ಒಬ್ಬಳು ದಪ್ಪ. ತೆಳ್ಳಗಿನವಳ ಕರುಳಿನ ಸೂಕ್ಷ್ಮಾಣುಗಳು ಆರನೇ ಗೂಡಿಗೆ, ದಪ್ಪಗಿನವಳವು ಏಳನೆಯದಕ್ಕೆ. "ಊಟ ಅದೇ ಅಕ್ಕ. ಏಳನೆಯದ್ರಲ್ಲಿರೋ ಸೂಕ್ಷ್ಮಾಣುಗಳು ಅದೇ ಕಾಳಿಂದ ಇನ್ನಷ್ಟು ಸತ್ವ ಹಿಂಡ್ಕೊಳ್ತಿರಬೇಕು."

ಅವಳು ಕೈಗವಸಿನಿಂದ ತೋಳು ಎಳೆದುಕೊಂಡಳು. ಬೆವರಿಗೆ ಬೆರಳುಗಳು ಸುಕ್ಕುಗಟ್ಟಿದ್ದವು.

"ಇದನ್ನ ಒಂದು ಕಾಗದದಲ್ಲಿ ಬರೆದುಕೊಡ್ತೀರಾ? ಸಹಿ ಹಾಕಿ."

"ಯಾರಿಗೆ?"

"ನಮ್ಮಮ್ಮನಿಗೆ."

ಮೇಡಂ ನಕ್ಕರು. ಅವಳು ನಗದಿದ್ದುದನ್ನು ಕಂಡು ನಿಲ್ಲಿಸಿದರು. "ಇಲೀಲಿ ಕಂಡಿದ್ದು ಇದು. ಮನುಷ್ಯರಲ್ಲಿ ಹತ್ತಾರು ಕಾರಣ ಇರುತ್ತೆ. ನಿಮಗೂ ಹೀಗೇ ಆಗಿದೆ ಅಂತ ಹೇಗೆ ಬರೀಲಿ?"

"ಬೇಡ ಬಿಡಿ. ಕದ್ದು ತಿನ್ನಲ್ಲ ಅಂತಾದ್ರೂ?"

"ಅದು ನಂಗೆ ಹೇಗೆ ಗೊತ್ತಾಗುತ್ತೆ?" ಅಂದವರೇ ಮೇಡಂ ತುಟಿ ಕಚ್ಚಿಕೊಂಡರು.

ಅಂದು ಶನಿವಾರ, ಅರ್ಧ ದಿನ. ಮನೆಗೆ ಬಂದು ಮಧ್ಯಾಹ್ನದ ಊಟಕ್ಕೆ ಕೂತಾಗ ಕಾಗದವಿಲ್ಲದೆಯೇ ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಏರಿತು. ಎದುರಿಗೆ ಕೂತಿದ್ದ ತಮ್ಮ ಮೂರನೇ ಸಲ ಅನ್ನ ಬಡಿಸಿಕೊಳ್ಳುತ್ತಿದ್ದ; ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಕೊರೆದುಕೊಂಡಿದ್ದ ಕಡ್ಡಿ ಆಸಾಮಿ.

"ಓಹೋ, ಹಾಗಾದ್ರೆ ತಿನ್ನೋದು ಇವಳಲ್ಲ, ಒಳಗಿರೋ ಬಾಡಿಗೆಯವರು!" ಎಂದ ತಮ್ಮ.

"ಸುಮ್ನಿರೋ," ಎಂದು ಅಮ್ಮ ಗದರಿದಳು. ಆದರೆ ಅವಳ ತುಟಿಯಂಚಿನಲ್ಲೂ ನಗುವಿತ್ತು.

"ಅಮ್ಮ, ನಿಜ ಹೇಳು. ಈಗ್ಲೂ ನಾನು ಕದ್ದು ತಿಂತೀನಿ ಅನ್ಕೊಂಡಿದೀಯಾ?"

"ಅಯ್ಯೋ, ಹಾಗಂತ ಯಾರಂದ್ರೇ? ನಾನು ಹೆತ್ತ ಮಗಳಲ್ವಾ ನೀನು. ಊಟ ಮಾಡು, ಆರಿಹೋಗುತ್ತೆ."

ಅವಳು ಊಟ ಮುಗಿಸಿದಳು. ತಮ್ಮ ಎದ್ದುಹೋದ. ಕೈ ತೊಳೆದು, ಕುಡಿಯುವ ನೀರಿಗೆಂದು ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು.

ಅಮ್ಮ ಬೆನ್ನು ಹಾಕಿ ನಿಂತಿದ್ದಳು. ಪಾತ್ರೆಯಲ್ಲಿ ಉಳಿದ ಅನ್ನವನ್ನು ಸೌಟಿನ ಬೆನ್ನಿನಿಂದ ತಟ್ಟಿ ತಟ್ಟಿ ಸಮ ಮಾಡುತ್ತಿದ್ದಳು. ಅಂಚಿಗೆ ಅಂಟಿದ್ದ ಅಗುಳುಗಳನ್ನೂ ಒಳಕ್ಕೆಳೆದು, ಬೆರಳು ತಾಗಿದರೂ ಗುರುತು ಉಳಿಯುವಂತೆ, ಗಾರೆ ನೆಲದ ಹಾಗೆ ನುಣ್ಣಗೆ ಮಾಡಿದಳು. ಮುಚ್ಚಳ ಹಾಕುವ ಮೊದಲು ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ, ಬಗ್ಗಿ, ಇನ್ನೊಮ್ಮೆ ನೋಡಿದಳು.