ಎರಡನೇ ವೂಫರ್

ಮಹಾದೇವಪ್ಪನವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ. ಕಮಲಾಪುರವೆಲ್ಲ ಅವರನ್ನು ದೊಡ್ಡ ಮನುಷ್ಯರು ಎನ್ನುತ್ತದೆ, ಎನ್ನಲಿ.

ನನ್ನ ತಮ್ಮ ಶಿವಶರಣನಿಗೆ ಜ್ವರ ಬಂದು ಎರಡೂ ಕಿವಿ ಹೋದವು. ನಮ್ಮ ಓಣಿಯ ಮಠದ ಸೋಮವಾರದ ಭಜನೆಗೆ ಡೋಲಕ್ ಬಾರಿಸುತ್ತಿದ್ದವನು ಅವನೇ. ಕಿವಿ ಹೋದ ಮೇಲೆ ಡೋಲಕ್ ಸೂರ್ಯಕಾಂತನ ಪಾಲಾಯಿತು, ಇವನು ಮನೆಯ ಮೂಲೆ ಹಿಡಿದ. ಊಟವನ್ನೂ ಬಿಟ್ಟ. ಒಮ್ಮೆ ಒತ್ತಾಯ ಮಾಡಿ ಮಠಕ್ಕೆ ಕರೆದೊಯ್ದೆ. ಅವನು ಕೂತ ಹಲಗೆಯ ಕೆಳಗೇ ದಪ್ಪ ದನಿಯ ದೊಡ್ಡ ಸ್ಪೀಕರ್, ವೂಫರ್, ಇತ್ತು. ಮೈಕಿನ ಮುಂದೆ ಡೋಲಕ್ಕಿನ ಪೆಟ್ಟು ಬಿದ್ದಾಗೆಲ್ಲ ಹಲಗೆ ಅದುರಿ ಅವನ ತೊಡೆಗೆ ತಾಗಿತು. ಅಂದಿನಿಂದ ತಾಳ ಹಿಡಿದ. ಹಲಗೆ ಅದುರಿದಾಗ ತಾಳ ತಟ್ಟುವುದು, ಅವನನ್ನು ಉಳಿಸಿದ್ದು ಅದೊಂದೇ.

ಆ ವೂಫರಿಗೆ ದನಿ ಕೊಡುವ ಮಠದ ಆಂಪ್ಲಿಫೈಯರ್ ಕೆಟ್ಟರೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ಒಯ್ಯುವವಳು ನಾನು. ಮೋಮಿನಪುರದ ಬುರ್ಹಾನುದ್ದೀನ್ ರಿಪೇರಿ ಮಾಡಿ ಕೊಡುವಾಗ ಪ್ರತಿ ಸಲ ಹೇಳುತ್ತಿದ್ದರು: "ಅಕ್ಕಾರ, ಈ ಮಶೀನಿಗೆ ಕರೆಂಟ್ ತಡೀಲಿಕ್ಕ ನಾಲ್ಕು ಓಮ್ ಬೇಕು. ನಿಮ್ಮ ವೂಫರ್ ನಾಲ್ಕೇ ಅದ, ಬರೋಬ್ಬರಿ. ಅಂಥದ್ದೇ ಇನ್ನೊಂದು ಅದರ ಬಾಜೂಕ ಜೋಡಿಸಿದ್ರ ಎರಡಕ್ಕ ಇಳೀತದ. ಕರೆಂಟ್ ಹೆಚ್ಚು ಹರಿದು ಮಶೀನ್ ಸುಟ್ಟು ಹೋಗ್ತದ ನೋಡ್ರಿ."

ಮಹಾದೇವಪ್ಪನವರು ತಮ್ಮ ತಂದೆಯ ಪುಣ್ಯತಿಥಿಗೆ ಮಠಕ್ಕೆ ಸೇವೆ ಎಂದು ಹೊಸ ವೂಫರ್ ತಂದರು. ಮೇಲೆ ತಂದೆಯ ಹೆಸರು, ದಪ್ಪ ಅಕ್ಷರದಲ್ಲಿ. ಹಿಂದೆ ತಿರುಗಿಸಿ ನೋಡಿದೆ, ಅದೂ ನಾಲ್ಕು ಓಮ್.

"ಇದನ್ನ ಜೋಡಸಬ್ಯಾಡ್ರಿ, ಮಶೀನ್ ಸುಡ್ತದ," ಎಂದೆ.

"ಸೇವಾ ಕೊಟ್ಟದ್ದು ಬ್ಯಾಡ ಅಂತೀ ಏನವಾ ಮಲ್ಲಿಕಾ?"

"ಬ್ಯಾಡ ಅಂದಿಲ್ರಿ. ಇವತ್ತ ಹೂವಿನ ಮಾಲಿ ಹಾಕಿ ಇಡೋಣು. ದೊಡ್ಡ ಮಶೀನ್ ಬಂದ ಮ್ಯಾಲ ಹಚ್ಚೋಣು."

"ನಮ್ಮಪ್ಪನ ಹೆಸರಿಂದು ಮೂಕ ಕೂಡಬೇಕೇನು, ಅದೂ ಅವನ ತಿಥಿ ದಿನ?"

ಮಠಕ್ಕೆ ಬಂದ ಸೇವೆಯನ್ನು ಒಲ್ಲೆ ಎನ್ನುವ ರೂಢಿ ನಮ್ಮಲ್ಲಿಲ್ಲ. ನಾನು ಇನ್ನೂ ಜಗಳಾಡುವವಳಿದ್ದೆ. ಆದರೆ ಜಗಳದ ಸುದ್ದಿಯೇ ಗೊತ್ತಿಲ್ಲದ ನನ್ನ ತಮ್ಮ ಹೊಸ ವೂಫರಿನ ಮೇಲೆ ಅಂಗೈ ಇಟ್ಟು ಸಣ್ಣ ಹುಡುಗರ ಹಾಗೆ ನಕ್ಕ.

"ಅಕ್ಕಾ, ಇದು ನನ್ನ ಸಲುವಾಗಿ ತಂದಾರೇನ?"

ಹೌದೆಂದು ತಲೆಯಾಡಿಸಿದೆ. ಸೂರ್ಯಕಾಂತ ಎರಡೂ ವೂಫರಿನ ವೈರುಗಳನ್ನು ಒಂದೇ ಕಡೆ ಸಿಕ್ಕಿಸಿದ.

ಮೊದಲ ಹಾಡಿಗೆ ಹಲಗೆಯಷ್ಟೇ ಅಲ್ಲ, ನೆಲವೂ ಗುಂಯ್ ಎಂದಿತು. ತಮ್ಮನ ಮುಖ ನೋಡಿ, ಸುಮ್ಮನೆ ಹೆದರಿದೆನೇನೋ ಎಂದುಕೊಂಡೆ. ಎರಡನೆಯ ಹಾಡಿಗೆ ಎಲ್ಲರೂ ಕಣ್ಣು ಮುಚ್ಚಿ ಹಾಡುತ್ತಿದ್ದರು, ನಾನೂ. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಕಣ್ಣು ತೆರೆದೆ. ಆಂಪ್ಲಿಫೈಯರಿನ ದೀಪ ಆರಿ, ಹಿಂದಿನಿಂದ ಹೊಗೆ ಏಳುತ್ತಿತ್ತು. ಸಣ್ಣ ಮಠ, ಮೈಕ್ ಇಲ್ಲದೆಯೂ ಹಾಡು ನಡೆದೇ ಇತ್ತು. ಶಿವಶರಣ ಮಾತ್ರ, ಹಲಗೆ ಅದುರುವುದು ನಿಂತದ್ದಕ್ಕೆ, ಹಾಡು ಮುಗಿಯಿತೆಂದು ತಾಳ ಕೆಳಗಿಟ್ಟು ಕೈ ಮುಗಿದು ಕೂತಿದ್ದ. ಆಮೇಲೆ ತಲೆ ಎತ್ತಿದ. ಎಲ್ಲರ ಬಾಯಿ ಆಡುತ್ತಲೇ ಇತ್ತು.

ಓಡಿಹೋಗಿ ಪ್ಲಗ್ ಕಿತ್ತೆ. "ಹೋಗ್ಲಿ ಬಿಡವಾ, ಹೊಸಾ ಮಶೀನ್ ನಾನೇ ಕೊಡಸ್ತೀನಿ," ಎಂದರು ಮಹಾದೇವಪ್ಪನವರು. ಕೊಡಿಸಿಯೂ ಕೊಟ್ಟರು, ಅಬ್ಬಾ ಏನು ದೊಡ್ಡತನ! ಎರಡೂ ವೂಫರಿಗೆ ತಡೆಯುವಂಥದ್ದನ್ನು ಬುರ್ಹಾನುದ್ದೀನರೇ ನೋಡಿ ಆರಿಸಿದರು.

ಮುಂದಿನ ಸೋಮವಾರ ಶಿವಶರಣ ಹಾಸಿಗೆಯಿಂದ ಏಳಲಿಲ್ಲ. ಎಲ್ಲ ಸರಿಹೋಗಿದೆ, ನಡಿ ಎಂದು ಸನ್ನೆ ಮಾಡಿದೆ.

"ಅವತ್ತ ನನ್ನ ತಾಳ ನಿಂತದ್ದು ಯಾರಿಗರ ಗೊತ್ತಾತೇನಕ್ಕಾ?"

ನನಗೆ ಎಂದು ಎದೆ ಮುಟ್ಟಿ ತೋರಿಸಿದೆ.

"ತಾಳ ನಿಂತದ್ದಕ್ಕ ಕಣ್ಣು ತೆರದ್ಯೋ, ವಾಸನಿಗೆ ತೆರದ್ಯೋ?"

ಸುಳ್ಳು ಹೇಳಬಹುದಿತ್ತು. ಹೇಳಬೇಕಿತ್ತು. ನನ್ನ ಹಾಳು ಕೈ ಮೂಗಿಗೇ ಹೋಯಿತು. ಅವನು ತಲೆಯಾಡಿಸಿ ಗೋಡೆಯ ಕಡೆ ಹೊರಳಿ ಮಲಗಿದ.