ಪೀರಮ್ಮನ ಐದು ಕೌದಿ

ಬಳಗಾನೂರಿನ ಪೀರಮ್ಮನಿಗೆ ತನ್ನ ಕೌದಿಗಳ ಮೇಲೆ ದೇವರಷ್ಟೇ ನಂಬಿಕೆ. ಹಳೆ ಸೀರೆ, ಹರಿದ ಧೋತರ ಪದರಕ್ಕೆ ಪದರ ಕೂಡಿಸಿ ಹೊಲಿದಳೆಂದರೆ ಮಾಗಿಯ ಚಳಿ ಬಾಗಿಲಲ್ಲೇ ನಿಲ್ಲಬೇಕು, ಅಂಥ ಜಂಬ. ಈ ಮಾಗಿಯಲ್ಲಿ ಮಾತ್ರ ಆ ಜಂಬ ಪೂರ್ತಿ ಇಳಿದುಹೋಯಿತು.

ಬಾಣಂತನಕ್ಕೆ ಬಂದ ಮಗಳು ದೀಪಾ ದಿನ ತುಂಬಲು ತಿಂಗಳಿರುವಾಗಲೇ ಹಡೆದಿದ್ದಳು. ಹೆಣ್ಣು ಕೂಸು, ಎರಡು ಕೆಜಿಯೂ ಇಲ್ಲ. ಸಿಂಧನೂರಿನ ದವಾಖಾನೆಯಿಂದ ಕಳಿಸುವಾಗ ನರ್ಸು ಒಂದೇ ಮಾತನ್ನು ಮೂರು ಸಲ ಹೇಳಿದ್ದಳು: ಕೂಸನ್ನು ತಾಯಿಯ ಬರಿ ಎದೆಗೆ ಹಚ್ಚಿಯೇ ಮಲಗಿಸಬೇಕು. ಪೀರಮ್ಮ ಹೂಂಗುಟ್ಟಿ ಬಂದಳು, ಮಾಡಿದ್ದು ಬೇರೆ. ನೆತ್ತರು ಕಳಕೊಂಡು ಬಿಳಿಚಿದ ಹಸಿ ಬಾಣಂತಿ. ಅವಳ ಮೈಯ ಕಾವನ್ನೆಲ್ಲ ಕೂಸು ಎಳಕೊಂಡರೆ ಅವಳಿಗೇನು ಉಳಿದೀತು? ಮಗಳನ್ನು ಹೊರಸಿನ ಮೇಲೆ, ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಳು. ಹಾಲು ಹಿಂಡಿಸಿಕೊಂಡು ಚಮಚದಲ್ಲಿ ತಾನೇ ಕುಡಿಸಿದಳು. ದೀಪಾ ಕೈ ಚಾಚಿದಾಗಲೆಲ್ಲ ಗದರಿದಳು.

ಕೆಳಗೆರಡು, ಮೇಲೆ ಮೂರು ಕೌದಿ. ಆದರೂ ಮನೆಗೆ ಬಂದ ನಾಲ್ಕನೇ ದಿನ ಬೆಳಿಗ್ಗೆ ಮುಟ್ಟಿದರೆ ಕೂಸಿನ ಪಾದ ತಣ್ಣಗೆ! ದವಾಖಾನೆಗೆ ಫೋನು ಮಾಡಿದರೆ ನರ್ಸು ಮತ್ತದೇ ಮಾತು ಹೇಳಿದಳು. ತಾಸಿನೊಳಗೆ ಪಾದ ಬಿಸಿಯಾಗದಿದ್ದರೆ ಕೂಸನ್ನು ಎತ್ತಿಕೊಂಡೇ ಬನ್ನಿ ಎಂದೂ ಸೇರಿಸಿದಳು. ಪೀರಮ್ಮನಿಗೆ ಹೊಳೆದದ್ದು ಒಂದೇ, ತನ್ನ ಕೌದಿಗಳು ಹಳತಾಗಿವೆ, ಒಳಗೆ ತುಂಬಲು ಹೊಸ ಅರಳೆ ಬೇಕು. ಹಿಂದಿನ ಓಣಿಗೆ ಓಡಿದಳು.

ಅಲ್ಲಿ ಹುಸೇನ್‌ಸಾಬ್ ಇದ್ದ. ಮಸ್ಕಿ, ಲಿಂಗಸುಗೂರು ಅಂತ ಊರೂರು ತಿರುಗಿ ಅರಳೆ ಹಿಂಜಿ, ಗಾದಿ ತುಂಬಿ ಮುದುಕನಾದವನು. ಅವನು ಅರಳೆ ಕೊಡಲಿಲ್ಲ. ಎಷ್ಟು ಕೌದಿ ಹಾಕಿದ್ದೀ ಎಂದು ಕೇಳಿ, ಐದು ಎಂದಾಗ ಹಣೆ ಬಡಿದುಕೊಂಡ. ಮೂಟೆ ಭಾರ ಹೇರಿದರೆ ಅಷ್ಟು ಸಣ್ಣ ಜೀವ ಉಸಿರಾದರೂ ಹೇಗೆ ಆಡಬೇಕು ಎಂದು ಬೈದ. ಆಮೇಲೆ ಕೇಳಿದ:

“ಐಸ್ ಮಾರಾವರು ಗಡ್ಡಿಗೆ ಗೋಣಿಚೀಲ ಯಾಕ ಸುತ್ತತಾರ, ಹೇಳು?”

ಕರಗಬಾರದೆಂದು, ಎಂದಳು ಪೀರಮ್ಮ.

“ಮತ್ತ? ಗೋಣಿಚೀಲಾ ಬಿಸಿ ಕೊಡೋದಿದ್ರ ಐಸ್ ಉಳೀತಿತ್ತೇನು? ಗೋಣಿಚೀಲಾ ಆಗ್ಲಿ, ಅರಳಿ ಆಗ್ಲಿ, ಇದ್ದದ್ದನ್ನ ಕಾಯ್ತಾವ, ಅಷ್ಟ. ಆ ಕೂಸಿನ ಮೈಯಾಗ ಇನ್ನಾ ಬಿಸೀನ ಹುಟ್ಟಿಲ್ಲ. ನಿನ್ನ ಕೌದಿ ಏನ್ ಕಾಯಬೇಕಬೇ ಯವ್ವಾ?”

ಪೀರಮ್ಮ ನರ್ಸಿನ ಮಾತು ತಿಳಿಸಿ, ಎದೆಯಲ್ಲಿಟ್ಟುಕೊಂಡಿದ್ದನ್ನು ಹೊರಹಾಕಿದಳು. “ನನ್ನ ಮಗಳ ಕಾವು ಮುಗದ್ರ, ಕಾಕಾ?”

“ಆಕಿ ಉಣ್ತಾಳಲ್ಲ? ಉಣ್ಣಾಕಿ ಮೈ ಒಲಿ ಇದ್ದಂಗ. ಒಲಿ ಮುಂದ ಒಬ್ರು ಕುಂತ್ರೇನು, ಇಬ್ರು ಕುಂತ್ರೇನು, ಆರತದೇನು?”

ನರ್ಸು ನಾಲ್ಕು ಸಲ ಹೇಳಿದ್ದು ತಲೆಗೆ ಹತ್ತಿರಲಿಲ್ಲ, ಗಾದಿಯವನು ಒಂದು ಸಲ ಹೇಳಿದ್ದು ಹತ್ತಿತು. ಏನು ಹೆಂಗಸೋ! ಓಡಿಬಂದವಳೇ ತೊಟ್ಟಿಲಿನ ಕೌದಿಗಳನ್ನೆಲ್ಲ ಕಿತ್ತೆಸೆದಳು. ಕೂಸಿನ ತಲೆಗೆ ಕುಲಾಯಿ ಹಾಕಿ, ಮಗಳ ಕುಪ್ಪಸ ಬಿಚ್ಚಿಸಿ, ಬರಿ ಎದೆಯ ಮೇಲೆ ಕಪ್ಪೆಮರಿಯಂಥ ಆ ಕೂಸನ್ನು ಮಲಗಿಸಿದಳು. ಮುಖ ಹೊರಗೆ ಬಿಟ್ಟು ಇಬ್ಬರಿಗೂ ಸೇರಿಸಿ ಒಂದೇ ಒಂದು ಹಗುರ ಕೌದಿ ಹೊದಿಸಿದಳು. ದೀಪಾ ಎರಡೂ ಕೈಯಿಂದ ಕೂಸನ್ನು ತಬ್ಬಿಕೊಂಡಳು. ಹೆತ್ತ ಮೇಲೆ ಕೂಸನ್ನು ನೆಟ್ಟಗೆ ಹಿಡಿದದ್ದೇ ಇಲ್ಲ, ಪಾಪ.

ಪೀರಮ್ಮ ಹೊರಸಿನ ಪಕ್ಕ ಕೂತಳು. ಚಾ ಕುಡಿಯಲಿಲ್ಲ, ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ತಾಸು ತುಂಬುವ ಮೊದಲೇ ತಡೆಯಲಾರದೆ ಕೌದಿಯೊಳಗೆ ಕೈ ಹಾಕಿದಳು. ಕೂಸಿನ ಪಾದ ಬೆಚ್ಚಗಿತ್ತು. ಅಂಜುತ್ತಲೇ ಮಗಳ ಪಾದ ಮುಟ್ಟಿದಳು. ಅದೂ ಬೆಚ್ಚಗಿತ್ತು.

ದೀಪಾ ಕಣ್ಣು ಮುಚ್ಚಿಕೊಂಡೇ ಇದ್ದಳು.

“ಅವ್ವಾ, ಇವತ್ತ ನಾ ಹಡದಂಗಾತು ನೋಡು,” ಅಂದಳು.

ನಾಲ್ಕು ದಿನ ತಾನೇ ನಡುವೆ ನಿಂತುಬಿಟ್ಟಿದ್ದೆನಲ್ಲ ಎಂದು ಪೀರಮ್ಮನಿಗೆ ಅಳು ಒತ್ತಿಬಂತು. ಕೂಸು ಎದ್ದೀತೆಂದು ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತಳು.