ಗೋಡೆಯ ಮೇಲಿನ ಮುಖ

“ಹಿಂದಿಂದ ಹಿಡೀರಿ, ಹಿಂದಿಂದ! ಎಡಕ್ಕ ಜಾರಾಕತ್ತಾಳ!”

ಸೂಗಪ್ಪಮಾಮಾ ಕೂಗಿದ ಕೂಡಲೇ ವರ್ಷಾ ಓಡಿಬಂದು ಗಂಡನ ಅಕ್ಕ ಉಮಾಬಾಯಿಯ ಹೆಗಲು ಹಿಡಿದಳು. ನಿನ್ನೆ ಅವ್ವನ ಬಟ್ಟೆ ಒಗೆಯುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡಿದ್ದಳು. ಇಂದು ಲಿಂಗಾಯತರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ಅವಳ ಸೋದರಮಾವ ಸೂಗಪ್ಪ ಬೆನ್ನಿನ ಬಟ್ಟೆಯನ್ನು ಮತ್ತೆ ಬಿಗಿದು ಕಟ್ಟಿದರು.

“ಜೀವ ಇದ್ದಾಗ ಒಂದ್ ಗಳಿಗಿ ಕುಂಡ್ರಲಿಲ್ಲ. ಈಗೂ ಒಲ್ಲೆ ಅಂತಾಳ ನೋಡ್ರಿ ನನ್ ಸೊಸಿ.”

ಅಳುತ್ತಿದ್ದವರಲ್ಲಿ ಇಬ್ಬರು ನಕ್ಕು, ಮತ್ತೆ ಅತ್ತರು. ಒಳಕೋಣೆಯಲ್ಲಿ, ಪಾರ್ಶ್ವವಾಯುವಿನಿಂದ ಮಲಗಿದ್ದ ತಾಯಿ ಪಾರ್ವತಿಬಾಯಿ “ಉಮಾ... ಉಮಾ...” ಎಂದು ಕರೆಯುತ್ತಲೇ ಇದ್ದರು.

ಆಗ ತನ್ವಿ ಬಂದಳು. ಓಣಿಯವರನ್ನೇ ಸೇರಿಸಿಕೊಂಡು, ಮನೆಯ ರೋಗಿಗಳ ಆರೈಕೆಯಲ್ಲೇ ಸವೆಯುವವರ ಮುಖಗಳನ್ನು ಸನತ್‌ನಗರದ ಈ ಓಣಿಯ ಗೋಡೆಯ ಮೇಲೆ ಬಿಡಿಸಿದ ಮೈಸೂರಿನ ಹುಡುಗಿ. ನೇರವಾಗಿ ವರ್ಷಾಳ ಕೈ ಹಿಡಿದಳು.

“ಮೇಡಂ, ಅತ್ತೇನ ನೋಡ್ಕೊಳ್ಳೋದೇ ನಿಮಗೆ ಅಷ್ಟು ಕಷ್ಟ. ಈಗ ಇದೂ ಬಂತಲ್ಲ.”

ಸೂಗಪ್ಪ ತಲೆಯೆತ್ತಿದರು. “ಯಾರು ನೋಡ್ಕೊಂಡ್ರವಾ?”

ವರ್ಷಾ ಹಾರ ಸರಿಪಡಿಸುವವಳಂತೆ ಬಗ್ಗಿದಳು.

*

ಚಿತ್ರ ಬಿಡಿಸುವ ಮುನ್ನ ತನ್ವಿ, ಗೋಡೆಗೆ ಮನೆಯಿಂದ ಒಬ್ಬರು ಬನ್ನಿ ಎಂದಿದ್ದಳು. ಉಮಾಬಾಯಿ ಅವ್ವನಿಗೆ ಗಂಜಿ ಕುಡಿಸುತ್ತಿದ್ದಳು.

“ನಾ ಹೆಂಗ ಬರ್ಲಿ? ನಾ ಕುಡಿಸದಿದ್ರ ಇಕಿ ನುಂಗಂಗಿಲ್ಲ. ನೀನ ಹೋಗಿ ಕುಂಡ್ರವಾ. ನಮ್ ಮನಿದೊಂದು ಮುಖ ಬಂದ್ರ ಆತು.”

ವರ್ಷಾ ದಿಲ್‌ಸುಖ್‌ನಗರದ ಕೋಚಿಂಗ್ ಕೇಂದ್ರದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆಯೇ ಮನೆ. ಅಂದು ಕುರ್ಚಿಯ ಮೇಲೆ ಕೂರಿಸಿ ಗೆರೆ ಎಳೆಯುತ್ತ ತನ್ವಿ, “ರಾತ್ರಿ ನಿದ್ದೆ ಆಗುತ್ತಾ?” ಎಂದು ಕೇಳಿದ್ದಳು. ಅತ್ತೆಯನ್ನು ನೋಡಿಕೊಳ್ಳುವವಳು ಉಮಾಬಾಯಿ ಎನ್ನಲೆಂದೇ ವರ್ಷಾ ಬಾಯಿ ತೆರೆದದ್ದು.

“ಎಲ್ಲಿ ನಿದ್ದಿರಿ? ಮಗ್ಗಲು ಬದಲಿಸದಿದ್ರ ಬೆನ್ನು ಹುಣ್ಣಾಗ್ತದ.”

ಅದು ಉಮಾಬಾಯಿ ಹೇಳುತ್ತಿದ್ದ ಮಾತು, ಇದ್ದದ್ದು ಇದ್ದ ಹಾಗೆ. ಸುತ್ತ ನಿಂತವರು “ಅಯ್ಯೋ” ಎಂದರು. ಆ ಅಯ್ಯೋ ಹಿತವಾಗಿತ್ತು. ಆಮೇಲೆ ಕೇಳಿದ್ದಕ್ಕೆಲ್ಲ ಹಾಗೆಯೇ ಹೇಳುತ್ತ ಹೋದಳು.

ಉಮಾಬಾಯಿ ಚಿತ್ರ ನೋಡಲು ಹೋಗಲಿಲ್ಲ. ಅಷ್ಟು ಹೊತ್ತು ಅವ್ವನ ಬಳಿ ಯಾರು ಕೂರಬೇಕು? ನಾನು ಕೂರುತ್ತೇನೆ ಎಂದು ವರ್ಷಾ ಹೇಳಲೂ ಇಲ್ಲ.

*

“ಗಾಡಿ ಬಂತು,” ಎಂದ ವರ್ಷಾಳ ಗಂಡ ಅರವಿಂದ್ ಬಾಗಿಲಲ್ಲಿ. ಸೂಗಪ್ಪ ಬೆನ್ನಿನ ಬಟ್ಟೆ ಬಿಚ್ಚತೊಡಗಿದರು.

“ತನ್ವಿ,” ವರ್ಷಾ ಅವಳ ಕಡೆ ತಿರುಗಿದಳು. “ಗೋಡಿ ಮ್ಯಾಲ ಅಕ್ಕ ಇರಬೇಕಿತ್ತು. ನಾ ನಿಮಗ ಹೇಳಿದ್ದೆಲ್ಲಾ ಆಕಿ ಮಾಡಿದ್ದು. ನಾ ಏನೂ ಮಾಡಿಲ್ಲ.”

“ಈಗ್ಯಾಕ ಅದೆಲ್ಲಾ?” ಎಂದ ಅರವಿಂದ್. 

ತನ್ವಿಯ ಕೈ ಸಡಿಲವಾಯಿತು. “ಅವರ ಫೋಟೋ ಇದ್ರೆ ಕೊಡಿ. ಮುಖ ತಿದ್ದಿ ಬರೀತೀವಿ,” ಎಂದಳು.

ವರ್ಷಾ ಫೋನಿನಲ್ಲಿ ಹುಡುಕಿದಳು. ಯುಗಾದಿ, ಹುಟ್ಟುಹಬ್ಬ, ಹೊಸ ಫ್ರಿಜ್ಜು ಬಂದ ದಿನ. ಎಲ್ಲದರಲ್ಲೂ ಅತ್ತೆ ನೆಟ್ಟಗೆ ಕೂತಿದ್ದರು. ಅವರನ್ನು ಹಿಡಿದು ಕೂರಿಸಿದ ಉಮಾಬಾಯಿ ಚಿತ್ರದಲ್ಲಿ ಬರಬಾರದೆಂದು ಹಿಂದೆ ತಲೆ ತಗ್ಗಿಸಿದ್ದಳು. ಅತ್ತೆಯ ಭುಜಗಳ ಮೇಲೆ ಅವಳ ಬೆರಳುಗಳಷ್ಟೇ ಇದ್ದವು. ಅರವಿಂದನ ಫೋನಿನಲ್ಲೂ ಅಷ್ಟೇ.

“ಈಗ ಫೋಟೋ ತಗೀರಿ,” ಎಂದಳು ವರ್ಷಾ.

“ಬಟ್ಟಿ ಬಿಚ್ಚೇನವಾ, ನಿಲ್ಲಂಗಿಲ್ಲ,” ಎಂದರು ಸೂಗಪ್ಪ. “ಯಾರಾರ ಹಿಡೀಬೇಕು.”

ವರ್ಷಾ ಗೋಡೆಗೂ ಉಮಾಬಾಯಿಗೂ ನಡುವೆ ತೂರಿ ಮೊಣಕಾಲೂರಿದಳು. ಎರಡೂ ಹೆಗಲು ಹಿಡಿದು, ಹಣೆ ಆ ತಣ್ಣನೆಯ ಬೆನ್ನಿಗೆ ತಾಗುವಷ್ಟು ತಲೆ ತಗ್ಗಿಸಿದಳು.

“ಸ್ವಲ್ಪ ಮೇಲೆ. ಹಾಂ, ಅಲ್ಲಾಡಬೇಡಿ.”

ತನ್ವಿ ಫೋನು ತಿರುಗಿಸಿ ತೋರಿಸಿದಳು. ಉಮಾಬಾಯಿ ನೆಟ್ಟಗೆ, ಎದುರಿಗೆ ಮುಖ ಮಾಡಿ ಕೂತಿದ್ದಳು. ಹಿಂದೆ ಯಾರೂ ಕಾಣುತ್ತಿರಲಿಲ್ಲ. ಹೆಗಲ ಮೇಲೆ ಬೆರಳುಗಳಷ್ಟೇ ಇದ್ದವು.